ಪಿಂಚಣಿ ಖಾತೆಯಲ್ಲಿ ಬಾಡಿಗೆ ಮನೆ: ಕಸ್ಟೋಡಿಯನ್ ಸೇವೆ ಹೇಗಿದೆ?

ಅಮೆರಿಕದಲ್ಲಿ ದುಡಿದು ಪುಣೆಗೆ ಬಂದು ನೆಲೆಸಿದ ಕನ್ನಡದವರು ನಮ್ಮ ಕೋಥರೂಡ್ ಕಡೆ ಇದ್ದಾರೆ. ಅವರಿಗಾಗಿ ಇದು. ನನ್ನ ಸೆಲ್ಫ್ ಡೈರೆಕ್ಟೆಡ್ ಐಆರ್‌ಎಯಲ್ಲಿ, ಅಂದರೆ ಹೂಡಿಕೆಯನ್ನು ನಾವೇ ಆರಿಸುವ ಅಮೆರಿಕದ ಪಿಂಚಣಿ ಖಾತೆಯಲ್ಲಿ, ಷೇರುಗಳಿಲ್ಲ, ಓಹಾಯೋದ ಒಂದು ಬಾಡಿಗೆ ಮನೆ ಇದೆ. ಖಾತೆ ನೋಡಿಕೊಳ್ಳುವ ಕಂಪನಿಯನ್ನು ಕಸ್ಟೋಡಿಯನ್ ಅನ್ನುತ್ತಾರೆ. ನನ್ನ ಕಂಪನಿಯ ಹೆಸರು ಬೇಡ.

ಫೋನಿನಲ್ಲಿ ಮಾತಾಡುವವರು ಒಳ್ಳೆಯವರು. ಅಲ್ಲಿ ಬೆಳಗ್ಗೆ 9.30 ಅಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 7. ಊಟಕ್ಕೆ ಮುಂಚೆ ಮಾತು ಮುಗಿಯುತ್ತದೆ. ತೊಂದರೆ ಇರುವುದು ಹಣ ಹೊರಡುವಾಗ. ಮನೆಯ ಚಾವಣಿ ಸೋರಿತು. ರಿಪೇರಿ ಬಿಲ್ಲನ್ನು ನಾನು ಜೇಬಿನಿಂದ ಕೊಡುವಂತಿಲ್ಲ, ಖಾತೆಯಿಂದಲೇ ಹೋಗಬೇಕು. ಬಾಡಿಗೆಯೂ ಅಲ್ಲಿಗೇ ಬರಬೇಕು. ಕಾನೂನೇ ಹಾಗಿದೆ, ಅದಕ್ಕೆ ಕಂಪನಿಯನ್ನು ದೂರುವುದಿಲ್ಲ. ಆದರೆ ಬಿಲ್ಲು, ಅರ್ಜಿ, ಸಹಿ ಎಲ್ಲ ಕಳಿಸಿದ ಮೇಲೂ 'ಪರಿಶೀಲನೆಯಲ್ಲಿದೆ' ಅಂತ ಸುಮ್ನೆ ಕೂರಿಸಿದರು. ಅಷ್ಟರಲ್ಲಿ ಮಲಗುವ ಕೋಣೆಯ ಗೋಡೆಗೆ ಬೂಷ್ಟು ಹಿಡಿಯಿತು. ಬಾಡಿಗೆಗೆ ಇರುವವರು ಫೋಟೋ ಕಳಿಸಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಅವರದೇನು ತಪ್ಪು, ಅಲ್ವಾ? ಇಷ್ಟಾದರೂ ಪ್ರತಿ ಪಾವತಿಗೂ ಫೀಸು ಬೇರೆ.

ಹೂಡಿಕೆ ಒಳ್ಳೆಯದೋ ಕೆಟ್ಟದೋ ಅಂತ ಕಸ್ಟೋಡಿಯನ್ ನೋಡುವುದಿಲ್ಲ, ಅದು ನಮ್ಮ ಜವಾಬ್ದಾರಿ. ಮಗ ಅಲ್ಲೇ ಓದುತ್ತಾನೆ, ಆ ಮನೆಯಲ್ಲಿರಲಿ ಅಂದುಕೊಳ್ಳಬೇಡಿ. ನೀವು, ಮಕ್ಕಳು, ಅಪ್ಪ ಅಮ್ಮ ಯಾರೂ ಇರುವಂತಿಲ್ಲ. ತಪ್ಪಿದರೆ ಆ ವರ್ಷದ ಜನವರಿ 1ಕ್ಕೇ ಇಡೀ ಖಾತೆ ನಿಮ್ಮ ಕೈಗೆ ಬಂದಂತೆ ಲೆಕ್ಕ. ತೆರಿಗೆ ಜೊತೆಗೆ, ವಯಸ್ಸು 59½ ಆಗಿಲ್ಲದಿದ್ದರೆ ಸಾಮಾನ್ಯವಾಗಿ 10% ದಂಡವೂ ಬೀಳುತ್ತದೆ.

ನಾನು ಖಾತೆಯನ್ನು ಬೇರೆ ಕಸ್ಟೋಡಿಯನ್‌ಗೆ ವರ್ಗಾಯಿಸುತ್ತಿದ್ದೇನೆ. ಬಿಲ್ಲು ಕೊಟ್ಟ ಎಷ್ಟು ದಿನಕ್ಕೆ ಹಣ ಹೊರಡುತ್ತದೆ ಅಂತ ಈ ಸಲ ಮೊದಲೇ ಬರೆಸಿಕೊಂಡಿದ್ದೇನೆ.