₹640ರ ಸ್ಪೆಕ್ಟ್ರೋಸ್ಕೋಪ್: ಟ್ಯೂಬ್‌ಲೈಟಿಗೆ ಅಡ್ಡಿಯಿಲ್ಲ, ನಕ್ಷತ್ರಕ್ಕಲ್ಲ

ಮಂಗಳೂರಿನ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ಅಟೆಂಡರ್ ಆಗಿದ್ದವನು ನಾನು. ನಿವೃತ್ತನಾದ ಮೇಲೂ ಕೈ ಸುಮ್ಮನಿರಲಿಲ್ಲ. ಆನ್‌ಲೈನ್‌ನಲ್ಲಿ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಈ ಕಪ್ಪು ಪ್ಲಾಸ್ಟಿಕ್ ಡಬ್ಬಿ ತರಿಸಿಕೊಂಡೆ. ಒಂದು ಕಡೆ ಸೀಳುಗಂಡಿ, ಇನ್ನೊಂದು ಕಡೆ ಮಿಲಿಮೀಟರಿಗೆ 500 ಗೆರೆಗಳ, ಬೆಳಕನ್ನು ಬಿಡಿಸುವ ಗ್ರೇಟಿಂಗ್ ಹಾಳೆ, ಒಳಗೆ ಬೆಳಕಿನ ಅಲೆಯುದ್ದ ಓದಲು 400ರಿಂದ 700 ನ್ಯಾನೋಮೀಟರ್‌ವರೆಗಿನ ಅಳತೆಪಟ್ಟಿ.

ಬಂದ ದಿನವೇ ನೋಡಿದರೆ ಸೀಳಿನಲ್ಲಿ ಅಂಟು ಮೆತ್ತಿಕೊಂಡಿತ್ತು. ಬ್ಲೇಡಿನ ಮೂಲೆಯಿಂದ ಕೆರೆದು ತೆಗೆದೆ. ಅಡುಗೆಮನೆಯ ಹಳೆಯ ಟ್ಯೂಬ್‌ಲೈಟಿಗೆ ಹಿಡಿದಾಗ, 546ರಲ್ಲಿ ಇರಬೇಕಾದ, ಟ್ಯೂಬಿನೊಳಗಿನ ಪಾದರಸದ ಆವಿಯ ಹಸಿರು ಗೆರೆ 553ರಲ್ಲಿ ಕುಳಿತಿತ್ತು. ಅಳತೆಪಟ್ಟಿಯನ್ನು ಕಿತ್ತು, ಕೂದಲೆಳೆಯಷ್ಟು ಜರುಗಿಸಿ ಅಂಟಿಸಿದೆ. ಈಗ ಸರಿಯಿದೆ. ಹಸಿರಿನ ಪಕ್ಕದಲ್ಲಿ ಮಂಕಾದ ಹಳದಿಯೂ ಕಾಣುತ್ತದೆ. ಅದು ನಿಜವಾಗಿ ಎರಡು ಗೆರೆ, 577 ಮತ್ತು 579. ಕಾಲೇಜಿನ ಸ್ಪೆಕ್ಟ್ರೋಮೀಟರ್‌ನಲ್ಲಿ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಮಕ್ಕಳು ರೆಕಾರ್ಡ್ ಪುಸ್ತಕದಲ್ಲಿ ‘ಹಳದಿ ಒಂದು, ಹಳದಿ ಎರಡು’ ಎಂದು ಬರೆಯುತ್ತಿದ್ದರು. ಈ ಡಬ್ಬಿಯಲ್ಲಿ ಎರಡೂ ಸೇರಿ ಒಂದೇ ಪಟ್ಟೆ.

ನನ್ನ ತಕರಾರು ಇರುವುದು ಜೊತೆಗೆ ಬಂದ ಚೀಟಿಯ ಬಗ್ಗೆ: ‘ನಕ್ಷತ್ರಗಳ ಗುಟ್ಟು ನಿಮ್ಮ ಕೈಯಲ್ಲಿ’. ಗುಟ್ಟು ಅಡಗಿರುವುದು ಸರಿಯಾಗಿ ಆ ಎರಡು ಹಳದಿಗಳ ನಡುವೆ, 578ರಲ್ಲಿ! ದೂರದ ನಕ್ಷತ್ರದ ಬೆಳಕು ನಡುವಿನ ಅನಿಲ, ಧೂಳನ್ನು ಹಾದು ಬರುವಾಗ ಅಲ್ಲಿ ಒಂದು ಕಪ್ಪು ಪಟ್ಟಿ ಮೂಡುತ್ತದೆ. ಅಗಲ ಸುಮಾರು 0.2 ನ್ಯಾನೋಮೀಟರ್. ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿ ಮೇರಿ ಲೀ ಹೆಗರ್ ಅದನ್ನು ಗುರುತಿಸಿ ನೂರು ವರ್ಷ ದಾಟಿತು. ಈಗ ಇಂಥವು 500ಕ್ಕೂ ಹೆಚ್ಚು ಸಿಕ್ಕಿವೆ. ಅವುಗಳಲ್ಲಿ ಕೆಲವು ಅವಕೆಂಪು ಪಟ್ಟಿಗಳಿಗೆ 60 ಇಂಗಾಲದ ಪರಮಾಣುಗಳ ಚೆಂಡಿನಂಥ ಅಣುವಿನ ಅಯಾನು (ವಿದ್ಯುದಾವೇಶ ಹೊತ್ತ ರೂಪ) ಕಾರಣವೆಂದು 2015ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಪ್ರಯೋಗಾಲಯ ತೋರಿಸಿಕೊಟ್ಟಿತು. 578ರ ಬೆಳಕನ್ನು ನುಂಗುವ ಅಣು ಯಾವುದೋ, ಇಂದಿಗೂ ಪತ್ತೆಯಿಲ್ಲ. ಹೆಸರು ಸಿಗದಿದ್ದರೂ ಠಿಕಾಣಿ ಹುಡುಕುವುದು ನಿಂತಿಲ್ಲ: ಗಾಯಾ ಎಂಬ ಬಾಹ್ಯಾಕಾಶ ದೂರದರ್ಶಕ ಅಳೆದ ಲಕ್ಷಾಂತರ ನಕ್ಷತ್ರಗಳ ಬೆಳಕಿನಿಂದ ಇಂಥದ್ದೇ ಇನ್ನೊಂದು, 862ರ ಪಟ್ಟಿ ಎಲ್ಲೆಲ್ಲಿ ದಟ್ಟವಾಗಿದೆ ಎಂಬ ನಕ್ಷೆ 2022ರಲ್ಲಿ ಹೊರಬಂತು. ನನ್ನ ಡಬ್ಬಿ 700ಕ್ಕೇ ಮುಗಿಯುತ್ತದೆ.

ಆದರೂ ಒಂದು ರಾತ್ರಿ ಮೊಮ್ಮಗಳನ್ನು ಕರೆದುಕೊಂಡು ತಣ್ಣೀರುಬಾವಿ ಕಡಲತೀರಕ್ಕೆ ಹೋಗಿ ಲುಬ್ಧಕ (ಸಿರಿಯಸ್) ನಕ್ಷತ್ರಕ್ಕೆ ಹಿಡಿದೆ. ಅದು ಬರೀ 8.6 ಜ್ಯೋತಿರ್ವರ್ಷ ದೂರದ್ದು. ನಡುವೆ ಹೇಳಿಕೊಳ್ಳುವಷ್ಟು ಧೂಳೂ ಇಲ್ಲ ಎಂದು ಗೊತ್ತಿದ್ದೇ ಹಿಡಿದೆ. ಸೀಳು ಕಿರಿದು, ಬೆಳಕು ಸಾಲದು.

“ಅಜ್ಜಾ, ಇದರಲ್ಲಿ ಕತ್ತಲೆ ಚೆನ್ನಾಗಿ ಕಾಣುತ್ತದೆ” ಎಂದಳು.

ಐದಕ್ಕೆ ಮೂರು ಕೊಡುತ್ತೇನೆ. ಮನೆಯಲ್ಲಿ ಟ್ಯೂಬ್‌ಲೈಟ್ ಉಳಿದಿದ್ದರೆ ಕೊಳ್ಳಿ. ಎಲ್‌ಇಡಿ ಬಲ್ಬಿನಲ್ಲಿ ಗೆರೆಗಳೇ ಸಿಗುವುದಿಲ್ಲ. ಸೂರ್ಯನಿಗೆ ಮಾತ್ರ ಹಿಡಿಯಬೇಡಿ. ನಮ್ಮೂರಿನ ಮಳೆಗಾಲಕ್ಕೆ ಹೆದರಿ, ಬೂಷ್ಟು ಹಿಡಿಯದಿರಲಿ ಎಂದು ನಾನು ಇದನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇನೆ.