ದಿ ಇಟಾಲಿಯನ್ ಜಾಬ್: 1969ರ ಚಿನ್ನ, 2003ರ ಚಿನ್ನ

ದರೋಡೆ ಸಿನಿಮಾ ನೋಡುವಾಗ ಕದಿಯುವ ಮಾಲು ಎಷ್ಟು ಭಾರ ಎಂಬುದನ್ನು ಗಮನಿಸಬೇಕು. ನೋಟಾದರೆ ಚೀಲಕ್ಕೆ ತುರುಕಬಹುದು, ವಜ್ರವಾದರೆ ಜೇಬಿಗೆ ಇಳಿಸಬಹುದು. ಚಿನ್ನದ ಗಟ್ಟಿಯನ್ನು ಹೊರಬೇಕು. ಪೀಟರ್ ಕಾಲಿನ್ಸನ್ ನಿರ್ದೇಶಿಸಿದ 1969ರ 'ದಿ ಇಟಾಲಿಯನ್ ಜಾಬ್', ಎಫ್. ಗ್ಯಾರಿ ಗ್ರೇ 2003ರಲ್ಲಿ ಮಾಡಿದ ಅದರ ರೀಮೇಕ್, ಎರಡರಲ್ಲೂ ಕಳವಾಗುವುದು ಚಿನ್ನ. ಅದನ್ನು ಸಾಗಿಸುವುದು ಮೂರು ಮಿನಿ ಕೂಪರ್‌ಗಳು. ನಾಯಕನ ಹೆಸರು ಚಾರ್ಲಿ ಕ್ರೋಕರ್, ಊರಿನ ಸಿಗ್ನಲ್ ಕೆಡಿಸಿ ರಸ್ತೆ ಜಾಮ್ ಮಾಡುವುದೇ ಉಪಾಯ. ಇಷ್ಟು ಬಿಟ್ಟರೆ ಹೊಸದರ ಕಥೆಯೇ ಬೇರೆ. (ಎರಡರ ಕಥೆಯ ಗುಟ್ಟೂ ಮುಂದೆ ಬಯಲಾಗುತ್ತದೆ. ನೋಡಿಲ್ಲದವರು ನೋಡಿ ಬಂದು ಓದಿದರೆ ಒಳ್ಳೆಯದು.)

ಮೊದಲು ತೂಕದ ಲೆಕ್ಕ. ಹಳೆಯದರಲ್ಲಿ ಇಟಲಿಯ ಟ್ಯೂರಿನ್‌ಗೆ, ಫಿಯೆಟ್ ಕಂಪನಿಗೆಂದು ಬರುವುದು 40 ಲಕ್ಷ ಡಾಲರ್ ಚಿನ್ನ. ಆಗಿನ ಅಧಿಕೃತ ದರ ಔನ್ಸಿಗೆ 35 ಡಾಲರ್. ಅಂದರೆ ಸುಮಾರು 3,550 ಕಿಲೋ, ಒಂದೊಂದು ಕಾರಿನ ಪಾಲಿಗೆ 1,180 ಕಿಲೋ. ಆ ಕಾಲದ ಮಿನಿಯ ಸ್ವಂತ ತೂಕವೇ 700 ಕಿಲೋ ಆಸುಪಾಸು! ತನಗಿಂತ ಭಾರದ ಹೊರೆ ಹೊತ್ತ ಕಾರು ಮೆಟ್ಟಿಲಿಳಿಯುವುದಿರಲಿ, ಚಕ್ರಕ್ಕೆ ಬಾಡಿ ತಾಗಿ ಹೊರಡುವ ಮೊದಲೇ ನಿಲ್ಲುತ್ತದೆ. ಹೊಸದರಲ್ಲಿ 3.5 ಕೋಟಿ ಡಾಲರ್ ಚಿನ್ನ. ಆಗಿನ ದರ ಸುಮಾರು 350 ಡಾಲರ್ ಎಂದು ಹಿಡಿದರೆ 3,100 ಕಿಲೋ. ವೆನಿಸ್‌ನಲ್ಲಿ ತಂಡ ಕದ್ದದ್ದನ್ನು ಖಳನಾಯಕ ಸ್ಟೀವ್ ತಾನೊಬ್ಬನೇ ಹೊಡೆದುಕೊಳ್ಳುತ್ತಾನೆ, ತಂಡ ಅದನ್ನು ಲಾಸ್ ಏಂಜಲೀಸ್‌ನಲ್ಲಿ ಮರಳಿ ಕದಿಯುತ್ತದೆ. ಅಷ್ಟರಲ್ಲಿ ಅವನು ಅದರಲ್ಲಿ ಒಂದಷ್ಟು ಮಾರಿಕೊಂಡಿದ್ದಾನೆ, ಬಿಎಂಡಬ್ಲ್ಯೂ ಮಾಡಿದ ಹೊಸ ಮಿನಿ 1,100 ಕಿಲೋ ತೂಗುವ ಗಟ್ಟಿಮುಟ್ಟಾದ ಕಾರು. ಆದರೂ ಲೆಕ್ಕ ಪೂರ್ತಿ ಕೂಡುವುದಿಲ್ಲ.

ಲೆಕ್ಕ ಕೂಡದಿದ್ದರೂ ಹೊಸ ಸಿನಿಮಾ ತೂಕವನ್ನು ಮರೆತಿಲ್ಲ, ಅದಕ್ಕೆ ಮೆಚ್ಚಬೇಕು. ಹೊರೆ ತಾಳುವಂತೆ ಕಾರುಗಳ ಸಸ್ಪೆನ್ಷನ್ ಬದಲಿಸಲು ತಂಡ ಒಬ್ಬ ಮೆಕ್ಯಾನಿಕ್‌ನನ್ನು ಹಿಡಿಯುತ್ತದೆ. ಸ್ಟೀವ್ ಒಂದೇ ಬಗೆಯ ಮೂರು ಲಾರಿ ಹೊರಡಿಸಿದಾಗ, ಯಾವುದು ಚಕ್ರದ ಮೇಲೆ ಹೆಚ್ಚು ಕುಸಿದಿದೆ ಎಂದು ನೋಡಿ ಚಿನ್ನದ ಲಾರಿಯನ್ನು ಗುರುತಿಸುತ್ತಾರೆ. ಇಡೀ ಚಿತ್ರದಲ್ಲಿ ಅತ್ಯಂತ ಜಾಣ ಹೊಳಹು ಇದೇ. ವೆನಿಸ್‌ನಲ್ಲಿ ಮನೆಯ ಅಂತಸ್ತುಗಳನ್ನು ಸಿಡಿಮದ್ದಿನಿಂದ ಕೊರೆದು ತಿಜೋರಿಯನ್ನು ಕಾಲುವೆಗೆ ಕೆಡವುವುದು, ಲಾಸ್ ಏಂಜಲೀಸ್‌ನಲ್ಲಿ ರಸ್ತೆಯನ್ನೇ ಸಿಡಿಸಿ ಲಾರಿಯನ್ನು ಸುರಂಗ ರೈಲಿನ ಹಾದಿಗೆ ಬೀಳಿಸುವುದು: ಎರಡೂ ಒಂದೇ ವಿದ್ಯೆ, ಭಾರವನ್ನು ಎತ್ತದೆ ಬೀಳಲು ಬಿಡುವುದು. ಮೊದಲ ಸಲ ತಂಡದ ಕೈಚಳಕ ತೋರಿಸಿ, ಎರಡನೆಯ ಸಲ ಅದನ್ನೇ ದೊಡ್ಡದಾಗಿ ಮಾಡಿರುವುದು ಚಿತ್ರಕಥೆಯ ಅಚ್ಚುಕಟ್ಟು. ಆ ಸುರಂಗದಲ್ಲಿ ಪೆಟ್ರೋಲ್ ಕಾರು ಓಡಿಸಲು ಅನುಮತಿ ಸಿಗದೆ, ಚಿತ್ರೀಕರಣಕ್ಕಾಗಿ ವಿದ್ಯುತ್ ಮೋಟಾರಿನ ಮಿನಿಗಳನ್ನು ಬೇರೆಯಾಗಿಯೇ ಮಾಡಿಸಿದ್ದರು.

ಕಾರು ಓಡಿಸುವ ವಿಷಯದಲ್ಲಿ ಮಾತ್ರ ಹಳೆಯದರ ಹತ್ತಿರ ಹೊಸದು ಸುಳಿಯಲಾರದು. ರೆಮಿ ಜೂಲಿಯನ್ ಅವರ ಸಾಹಸ ತಂಡ ಕೆಂಪು, ಬಿಳಿ, ನೀಲಿ ಮಿನಿಗಳನ್ನು ಟ್ಯೂರಿನ್‌ನ ಕಮಾನು ಸಾಲುಗಳ ಕೆಳಗೆ, ಗ್ರಾನ್ ಮಾದ್ರೆ ಚರ್ಚಿನ ಮೆಟ್ಟಿಲ ಮೇಲೆ, ಪಲವೇಲಾ ಕಟ್ಟಡದ ಬಾಗಿದ ಚಾವಣಿಯ ಮೇಲೆ, ಫಿಯೆಟ್‌ನ ಲಿಂಗೊಟ್ಟೊ ಕಾರ್ಖಾನೆಯ ನೆತ್ತಿಯಲ್ಲಿದ್ದ ಪರೀಕ್ಷಾ ಪಥದಲ್ಲಿ ನಿಜವಾಗಿಯೇ ಓಡಿಸಿತು. ಸುಮಾರು 1.4 ಮೀಟರ್ ಅಗಲದ, ಮೂರು ಮೀಟರಿನಷ್ಟೇ ಉದ್ದದ ಕಾರಾದ್ದರಿಂದ ಇದೆಲ್ಲ ಸಾಧ್ಯವಾಯಿತು. ಚರಂಡಿ ಕೊಳವೆಯ ದೃಶ್ಯವೊಂದು ಮಾತ್ರ ಇಂಗ್ಲೆಂಡಿನ ಕೊವೆಂಟ್ರಿಯದು. ಡಗ್ಲಸ್ ಸ್ಲೊಕೊಂಬ್ ಅವರ ಕ್ಯಾಮೆರಾ ದೂರ ನಿಂತು ಕಾರು, ಬೀದಿ, ಊರು ಮೂರನ್ನೂ ಒಟ್ಟಿಗೆ ಕಾಣಿಸುತ್ತದೆ. ಗ್ರೇ ಅವರ ಬೆನ್ನಟ್ಟುವಿಕೆಯಲ್ಲಿ ಹೆಲಿಕಾಪ್ಟರ್ ಇದೆ, ಬೈಕುಗಳಿವೆ, ವೇಗವೂ ಇದೆ. ಆದರೆ ಕತ್ತರಿ ಪದೇಪದೇ ಆಡುವುದರಿಂದ ಯಾವ ಕಾರು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಪಾತ್ರಗಳಿಗೆ ಬಂದರೆ ತಕ್ಕಡಿ ಹೊಸದರ ಕಡೆಗೆ ವಾಲುತ್ತದೆ. ಹಳೆಯದರಲ್ಲಿ ಕ್ರೋಕರ್ ಆಗಿರುವ ಮೈಕೆಲ್ ಕೇನ್ ಮತ್ತು ಜೈಲಿನೊಳಗಿಂದಲೇ ದರ್ಬಾರು ನಡೆಸುವ ನೋಯೆಲ್ ಕವರ್ಡ್ ಬಿಟ್ಟರೆ ಉಳಿದವರ ಮುಖ ನೆನಪಿರುವುದಿಲ್ಲ. ಹೆಂಗಸರು ಅಲಂಕಾರಕ್ಕಷ್ಟೇ. ಬೆನ್ನಿ ಹಿಲ್ ಮಾಡಿದ ಪ್ರೊಫೆಸರ್‌ನ ಹಾಸ್ಯ ಇವತ್ತು ಮುಜುಗರ ತರಿಸುತ್ತದೆ. ಹೊಸದರಲ್ಲಿ ತಿಜೋರಿ ತೆರೆಯುವವಳೇ ಸ್ಟೆಲ್ಲಾ. ಆಕೆಯ ತಂದೆಯನ್ನು ಕೊಂದವನು ಸ್ಟೀವ್. ಹಾಗಾಗಿ ಚಿನ್ನಕ್ಕೆ ಬೆಲೆಯ ಜೊತೆ ಹಗೆಯೂ ಸೇರುತ್ತದೆ. ಚಾರ್ಲೀಜ್ ಥೆರಾನ್ ಕೊನೆಯಲ್ಲಿ ಯಂತ್ರಗಳನ್ನು ಬದಿಗಿಟ್ಟು ಬೆರಳ ತುದಿಯಿಂದಲೇ ತಿಜೋರಿ ತೆರೆಯುವ ದೃಶ್ಯ ಚೆನ್ನಾಗಿ ಬಂದಿದೆ.

ಆದರೂ ಹಳೆಯದು ಗೆಲ್ಲುವುದು ಕೊನೆಯ ಐದು ನಿಮಿಷದಲ್ಲಿ. ಮಿನಿಗಳಿಂದ ಚಿನ್ನ ತುಂಬಿಕೊಂಡು ಹೊರಟ ಬಸ್ಸು ಆಲ್ಪ್ಸ್ ತಿರುವಿನಲ್ಲಿ ಜಾರಿ ಹಿಂಭಾಗ ಪ್ರಪಾತದ ಮೇಲೆ ತೂಗುತ್ತದೆ. ಚಿನ್ನ ಆ ತುದಿಯಲ್ಲಿ, ಜನ ಈ ತುದಿಯಲ್ಲಿ. ಕ್ರೋಕರ್ ಒಂದಡಿ ತೆವಳಿದರೆ ಚಿನ್ನ ಒಂದಡಿ ಹಿಂದೆ ಸರಿಯುತ್ತದೆ. ಕಾರಿನಲ್ಲಿ ಮರೆಸಿದ್ದ ತೂಕವೆಲ್ಲ ಇಲ್ಲಿ ಒಟ್ಟಿಗೆ ವಸೂಲಾಗುತ್ತದೆ, ಚಿತ್ರ ಅಲ್ಲಿಗೇ ನಿಲ್ಲುತ್ತದೆ. ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಇದಕ್ಕೆ ಪರಿಹಾರ ಕೇಳಿ ಸ್ಪರ್ಧೆಯನ್ನೇ ನಡೆಸಿತು. 2009ರಲ್ಲಿ ಗೆದ್ದ ಉತ್ತರ ಹೀಗಿತ್ತು: ಹಿಂದಿನ ಕಿಟಕಿ ಗಾಜು ಒಡೆದು ಹೊರಕ್ಕೆ ಬೀಳಿಸಿ ಭಾರ ಇಳಿಸುವುದು, ಬಸ್ಸು ಓಲಾಡದಂತೆ ಮುಂದಿನ ಟೈರುಗಳ ಗಾಳಿ ಬಿಡುವುದು, ಹಿಂದಿರುವ ಟ್ಯಾಂಕಿನ ಇಂಧನ ಬಸಿಯುವುದು, ಆಮೇಲೆ ಒಬ್ಬನನ್ನು ಇಳಿಸಿ ಅವನಿಂದ ಕಲ್ಲು ತರಿಸಿ ಮುಂಭಾಗಕ್ಕೆ ತುಂಬುವುದು. ಚಿನ್ನಕ್ಕೆ ಕೈ ಹಾಕುವುದು ಅದೆಲ್ಲ ಆದ ಮೇಲೆ. ಎಂಜಿನ್ ಚಾಲೂ ಇಟ್ಟು ಇಂಧನ ಮುಗಿಯುವವರೆಗೆ ಕಾಯುವುದು ಮೈಕೆಲ್ ಕೇನ್ ಹೇಳಿದ ದಾರಿ.

ಎರಡನ್ನೂ ನೋಡುವುದಾದರೆ 99 ನಿಮಿಷದ ಹಳೆಯದರಿಂದ ಶುರು ಮಾಡಿ. ಮೊದಲರ್ಧ ನಿಧಾನ. ಆದರೂ ಫಾಸ್ಟ್ ಫಾರ್ವರ್ಡ್ ಮಾಡಿ ನೋಡಬೇಡಿ: ಟ್ರಾಫಿಕ್ ಕಂಪ್ಯೂಟರಿನ ಟೇಪ್ ಏಕೆ ಬದಲಾಗಬೇಕು, ಫುಟ್ಬಾಲ್ ಅಭಿಮಾನಿಗಳ ವೇಷ ಏಕೆ ಬೇಕು ಎಂಬುದೆಲ್ಲ ಅಲ್ಲೇ ಗೊತ್ತಾಗುವುದು. ಒಂದೇ ಸಂಜೆ ಇದೆ, ಮನೆಮಂದಿಯೆಲ್ಲ ಕೂತು ನೋಡಬೇಕು ಎಂದರೆ 2003ರದ್ದು ಸಾಕು. ವೆನಿಸ್‌ನ ಮೊದಲ ಭಾಗಕ್ಕೆ ಒಳ್ಳೆಯ ಸ್ಪೀಕರ್ ಇರಲಿ.