ಸ್ಟೆಂಟ್ ಹಾಕಿಸಿಕೊಂಡು ಓಡುವವರಿಗೆ ಪೋಲಾರ್ ಎಚ್10 ಬೆಲ್ಟ್ ಹೇಗೆ?

ಬೆಳಗಾವಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಮುಂಜಾನೆ ಓಡುವ ಹಿರಿಯರ ಕೈಯಲ್ಲಿ ಈಗ ಸ್ಮಾರ್ಟ್‌ವಾಚ್ ಇದ್ದೇ ಇರುತ್ತದೆ. ಗಟ್ಟಿಮುಟ್ಟಾದವರಿಗೆ ಅದು ಸಾಕು. ಆಂಜಿಯೋಪ್ಲಾಸ್ಟಿ ಮಾಡಿ ಸ್ಟೆಂಟ್ ಹಾಕಿಸಿಕೊಂಡಮೇಲೆ ಮತ್ತೆ 10 ಕಿ.ಮೀ. ಓಟಕ್ಕೆ ಹೆಸರು ಕೊಡುವವರಿಗೆ ಸಾಲದು. ವಾಚ್ ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ಮಿಡಿತ ಎಣಿಸುತ್ತದೆ. ಡಿಸೆಂಬರ್ ಚಳಿಗೆ ಕೈ ತಣ್ಣಗಾದರೆ ಎಣಿಕೆ ತಪ್ಪಿ, ಹೆಜ್ಜೆಯ ಲಯವನ್ನೇ ಮಿಡಿತ ಅಂದುಕೊಂಡು 160 ತೋರಿಸುತ್ತದೆ. ಎದೆಗೆ ಕಟ್ಟುವ ಪೋಲಾರ್ ಎಚ್10 ಬೆಲ್ಟ್ ಇಸಿಜಿಯ ಹಾಗೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ.

ಆದರೆ ಒಣಗಿದ ಬೆಲ್ಟ್ ವಾಚ್‌ಗಿಂತ ಕಡೆ. ಒಳಮೈಯ ಎರಡೂ ರಬ್ಬರ್ ಪಟ್ಟಿಗಳನ್ನು ನೀರಿನಿಂದ ಚೆನ್ನಾಗಿ ತೋಯಿಸಿ, ಎದೆಯ ಸ್ನಾಯುಗಳ ಕೆಳಗೆ ಬಿಗಿಯಾಗಿ, ಉಸಿರು ಕಟ್ಟದಷ್ಟು ಕಟ್ಟಬೇಕು. ಬೆವರು ಬರುವ ತನಕದ ಮೊದಲ ಹತ್ತು ನಿಮಿಷ ಪಾಲಿಯೆಸ್ಟರ್ ಟೀ ಶರ್ಟ್ ಗಾಳಿಗೆ ಬಡಿದು ಬೆಲ್ಟಿನ ಅಂಕಿ 200 ದಾಟುವುದುಂಟು. ಗಾಬರಿ ಬೇಡ, ನಿಂತು ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ತಾಳೆಯಾಗದಿದ್ದರೆ ತಪ್ಪು ಬೆಲ್ಟಿನದು. ನಾಡಿಯೂ ಹಾಗೇ ಓಡುತ್ತಿದ್ದರೆ, ತಾಳ ತಪ್ಪಿದ್ದರೆ ಅವತ್ತಿನ ಓಟ ಮುಗಿಯಿತು, ಡಾಕ್ಟರ ಕಡೆ ನಡೆಯಿರಿ. ಎದೆ ಹಿಡಿದರೆ, ದವಡೆ ಅಥವಾ ಎಡಗೈ ಸೆಳೆದರೆ ಅಂಕಿ ನೋಡುತ್ತ ಕೂಡಬೇಡಿ.

ಬೆಲ್ಟಿಗಿಂತ ಹೆಚ್ಚು ಮೋಸ ಮಾಡುವುದು, ಅದರ ಅಂಕಿ ತೋರಿಸುವ ಫೋನಿನ ಆ್ಯಪ್‌ನ ಲೆಕ್ಕ. 220ರಲ್ಲಿ ವಯಸ್ಸು ಕಳೆದು, 62ರವರಿಗೆ 158 ಗರಿಷ್ಠ ಎನ್ನುತ್ತದೆ. ಮಿಡಿತ ತಗ್ಗಿಸುವ, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಗುಳಿಗೆ ನುಂಗುವವರ ಮಿಡಿತ ಅಷ್ಟು ಏರುವುದೇ ಅಪರೂಪ. 120ಕ್ಕೇ ಏದುಸಿರು ಬಂದಿದ್ದರೂ ಪರದೆ ‘ಸುಲಭ’ ಅನ್ನುತ್ತಿರುತ್ತದೆ! ಆ್ಯಪ್ ಹಾಕಿಕೊಟ್ಟ ಸುಲಭ, ಕಷ್ಟ ಎಂಬ ಮಿಡಿತದ ವಲಯಗಳನ್ನು ಅಳಿಸಿಬಿಡಿ. ಗುಳಿಗೆ ತಗೊಂಡೇ ಮಾಡಿಸಿದ ಟಿಎಂಟಿಯ (ಟ್ರೆಡ್‌ಮಿಲ್ ಮೇಲೆ ನಡೆಸುತ್ತ ಇಸಿಜಿ ತೆಗೆಯುವ ಪರೀಕ್ಷೆ) ವರದಿ ಬೇಕು. ರೋಗ ಪತ್ತೆಗೆಂದು ಕೆಲವೊಮ್ಮೆ ಗುಳಿಗೆ ನಿಲ್ಲಿಸಿ ಪರೀಕ್ಷೆ ಮಾಡುತ್ತಾರೆ, ಆ ಅಂಕಿ ಇಲ್ಲಿ ಉಪಯೋಗಕ್ಕೆ ಬಾರದು. ಎಷ್ಟು ಮಿಡಿತಕ್ಕೆ ಇಸಿಜಿ ಬದಲಾಯಿತೋ ಅದಕ್ಕಿಂತ ಕನಿಷ್ಠ 10 ಕಡಿಮೆ ನಿಮ್ಮ ಗಡಿ. ಅದನ್ನು ಹೃದ್ರೋಗ ತಜ್ಞರಿಂದ ಬರೆಸಿಕೊಂಡು ಆ್ಯಪ್‌ನಲ್ಲಿ ಅಲಾರಂ ಇಡಿ. ಪೂರ್ತಿ ವಾಕ್ಯ ಮಾತಾಡಲು ಆಗದಿದ್ದರೆ ಅಲಾರಂ ಕೂಗದಿದ್ದರೂ ನಡಿಗೆಗೆ ಇಳಿಯಿರಿ.

ವಿಜಯಪುರದ ವೃಕ್ಷಥಾನ್‌ನಂಥ ಓಟದಲ್ಲಿ ಬಿಸಿಲು ಏರಿದಂತೆ, ವೇಗ ಅಷ್ಟೇ ಇದ್ದರೂ ಮಿಡಿತ ಏರುತ್ತ ಹೋಗುತ್ತದೆ. ಅಲ್ಲಿ ಬೆಲ್ಟ್ ದುಡ್ಡಿಗೆ ಮೋಸವಿಲ್ಲ: ಕೊನೆಯ 3 ಕಿ.ಮೀ.ಯಲ್ಲಿ ವೇಗ ಬಿಟ್ಟು ಗಡಿ ಕಾಯ್ದರೆ ಸಾಕು. ಗೆರೆ ದಾಟಿದ ಕೂಡಲೇ ಗಕ್ಕನೆ ನಿಲ್ಲಬೇಡಿ, ಬಿ.ಪಿ. ಇಳಿದು ತಲೆ ತಿರುಗುತ್ತದೆ; ಹತ್ತು ನಿಮಿಷ ನಡೆಯಿರಿ.

ಕೊರತೆಯೂ ಇದೆ. ಬೈಪಾಸ್ ಆದವರಿಗೆ ಗಾಯದ ಕಲೆಯ ಕೆಳತುದಿಗೆ ಪಟ್ಟಿ ತಿಕ್ಕುತ್ತದೆ. ಅಲ್ಲಿ ವ್ಯಾಸಲಿನ್ ಹಚ್ಚಿ, ರಬ್ಬರ್ ಭಾಗಕ್ಕೆ ತಾಗಿಸಬೇಡಿ. ಏಟ್ರಿಯಲ್ ಫಿಬ್ರಿಲೇಷನ್ (ಮಿಡಿತ ತಾಳ ತಪ್ಪುವ ತೊಂದರೆ) ಇದ್ದವರಿಗೆ ಅಂಕಿ ಕುಣಿಯುತ್ತಲೇ ಇರುತ್ತದೆ, ಅವರು ಕೊಳ್ಳುವುದು ವ್ಯರ್ಥ. ಪೇಸ್‌ಮೇಕರ್ ಇದ್ದರೆ ಡಾಕ್ಟರನ್ನು ಕೇಳದೆ ಕಟ್ಟಬೇಡಿ. ಫೋನು ಹಿಂಜೇಬಿನಲ್ಲಿದ್ದರೆ ಬ್ಲೂಟೂತ್ ಕಡಿಯುತ್ತದೆ, ತೋಳಿಗೆ ಕಟ್ಟಿಕೊಳ್ಳಿ.

ಓಡಿ ಬಂದ ಮೇಲೆ ಗುಂಡಿ ಬಿಚ್ಚಿ ಸೆನ್ಸರ್ ಬೇರೆ ಮಾಡಿ, ಪಟ್ಟಿಯನ್ನು ನಲ್ಲಿ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹಸಿ ಪಟ್ಟಿಗೇ ಅಂಟಿಸಿಟ್ಟರೆ ಸೆಲ್ ಬೇಗ ಇಳಿಯುತ್ತದೆ. ಸೆಲ್ ಸಿಆರ್2025, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.